ಕಾಣದ ಕೀಲು

ನಾನು ಕನ್ನಡ ಮೇಷ್ಟರು. ಯಂತ್ರಗಳಿಗೂ ನನಗೂ ಇರುವ ಸಂಬಂಧ ಬಹಳ ಸರಳವಾದದ್ದು. ಅವು ಕೆಟ್ಟಾಗ ನಾನು ಬಯ್ಯುತ್ತೇನೆ, ನಾನು ಬಯ್ದಾಗ ಅವು ಇನ್ನಷ್ಟು ಕೆಡುತ್ತವೆ. ಇಂಥವನು ಎರಡು ಭಾನುವಾರಗಳನ್ನು ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ಬೈಸಿಕಲ್ಲೊಂದರ ಕೀಲುಗಳನ್ನು ಬಿಚ್ಚುತ್ತ ಕೂಡಿಸುತ್ತ ಕಳೆದನೆಂದರೆ ನೆರೆಯವರು ಮೊದಲು ನಂಬಲಿಲ್ಲ. ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದ ಮೇಲೆ ನಂಬಿದರು. ಕೆಲಸ ಮುಗಿಯಿತು. ಕೈಗೆ ಮೆತ್ತಿದ ಗ್ರೀಸು ಸೀಗೆಪುಡಿಗೆ ಹೋಯಿತು. ಆದರೆ ಆ ಕೆಲಸದ ನಡುವೆ ನನ್ನೆದುರು ಬಂದು ಕುಳಿತ ಪ್ರಶ್ನೆಯೊಂದು ಮಾತ್ರ ಇನ್ನೂ ಎದ್ದುಹೋಗಿಲ್ಲ. ಯಾರೂ ನೋಡದ, ಮುಂದೆಯೂ ನೋಡಲಾರದ ಕಡೆ ಮಾಡಿದ ಕೆಲಸ ಸರಿಯಾಗಿಯೇ ಇರಬೇಕೆಂಬ ಹಟ ಏಕೆ? ಪ್ರಶ್ನೆ ಹಳೆಯದೇ. ಆದರೆ ಹಳೆಯ ಪ್ರಶ್ನೆಗಳೂ ನಮ್ಮ ಹಿತ್ತಿಲಿಗೇ ಬಂದು ನಿಂತಾಗ ಹೊಸ ನೆಂಟರಂತೆ ಉಪಚಾರ ಕೇಳುತ್ತವೆ.

ಬೈಸಿಕಲ್ಲು ನನ್ನದಲ್ಲ, ಮಗನದು. ಅವನು ಓದಲೆಂದು ಪರಊರಿಗೆ ಹೋದ ಮೇಲೆ ಅದು ವರಾಂಡದ ಮೂಲೆಯಲ್ಲಿ ಗೋಡೆಗೊರಗಿ ನಿಂತಿತ್ತು. “ಅಪ್ಪ, ಸುಮ್ಮನೆ ನಿಂತು ಹಾಳಾಗೋದು ಬೇಡ, ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡಿ” ಎಂದು ಫೋನಿನಲ್ಲಿ ಹೇಳಿದ. ಕೇಳಿದವನು ನನ್ನ ತರಗತಿಯ ಹುಡುಗ, ಬಿ.ಎ. ಎರಡನೆಯ ವರ್ಷ. ಸಂಜೆ ಜೆರಾಕ್ಸ್ ಅಂಗಡಿಯೊಂದರಲ್ಲಿ ದುಡಿಯುತ್ತಾನೆ, ಭಾನುವಾರ ಗೆಳೆಯರೊಡನೆ ಊರಾಚೆಯ ಕಲ್ಲುದಾರಿಗಳಲ್ಲಿ ಎರವಲು ಸೈಕಲ್ಲು ಓಡಿಸುತ್ತಾನೆ. ೨೦,೦೦೦ ರೂಪಾಯಿಗೆ ಮಾತಾಯಿತು. ೫,೦೦೦ ಮುಂಗಡವಾಗಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನೋಟುಗಳನ್ನು ಕಂಡರೆ ಅವು ಒಂದೇ ದಿನ ಕೂಡಿದವಲ್ಲವೆಂದು ತಿಳಿಯುತ್ತಿತ್ತು. “ಸೈಕಲ್ಲು ಹೇಗಿದೆ ಸಾರ್?” ಎಂದ. “ಸರಿಯಾಗಿದೆ ಕಣಪ್ಪ” ಎಂದೆ. ಈ ಎರಡು ಪದಗಳ ಕಥೆಯೇ ಮುಂದಿನದೆಲ್ಲ.

ಇದು ನಾವು ಕಾಲೇಜಿಗೆ ಓಡಿಸಿಕೊಂಡು ಹೋಗುತ್ತಿದ್ದ ಸೈಕಲ್ಲಿನಂಥದಲ್ಲ. ಗುಡ್ಡ, ಹಳ್ಳ, ಬೇರುಬಂಡೆಗಳ ಮೇಲೆ ಓಡಿಸಲು ಮಾಡಿದ ಮೌಂಟನ್ ಬೈಕು. ಇದರಲ್ಲಿ ಹಿಂದಿನ ಚಕ್ರ ಚೌಕಟ್ಟಿಗೆ ಬಿಗಿಯಾಗಿ ಕೂಡಿಲ್ಲ. ಚಕ್ರವನ್ನು ಹಿಡಿದ ತ್ರಿಕೋನವೇ ಬೇರೆ, ಮುಂದಿನ ಚೌಕಟ್ಟೇ ಬೇರೆ. ಎರಡರ ನಡುವೆ ಬಾಗಿಲಿಗೆ ತಿರುಗಣಿ ಇದ್ದಂತೆ ಕೀಲುಗಳು; ಪೆಟ್ಟನ್ನು ನುಂಗಿಕೊಳ್ಳಲು ಗಾಳಿ ತುಂಬಿದ ಒಂದು ಶಾಕ್ ಅಬ್ಸಾರ್ಬರು. ಚಕ್ರ ಕಲ್ಲನ್ನೇರಿದಾಗ ಹಿಂದಿನ ತ್ರಿಕೋನ ಮೇಲಕ್ಕೆ ಸರಿಯುತ್ತದೆ, ಇಳಿದಾಗ ಕೆಳಕ್ಕೆ. ಸವಾರನ ಬೆನ್ನುಮೂಳೆಗೆ ಬೀಳಬೇಕಾದ ಏಟನ್ನು ಈ ಕೀಲುಗಳು ತಾವು ತಿಂದು ಸುಮ್ಮನಿರುತ್ತವೆ. ನಮ್ಮ ಸೈಕಲ್ಲಿನಲ್ಲಿ ಇಂಥ ಕೀಲುಗಳೊಳಗೆ ಎಂಟು ಬೇರಿಂಗುಗಳು. ಹೊರಗಿನಿಂದ ಒಂದೂ ಕಾಣದು.

ಈ ಜಾತಿಯ ಸೈಕಲ್ಲಿನ ಹುಟ್ಟೇ ಒಂದು ಬಗೆಯಲ್ಲಿ ಗ್ರೀಸಿನ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ, ೧೯೭೬ರಲ್ಲಿ, ಕೆಲವು ತರುಣರು ಹಳೆಯ ಭಾರವಾದ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಒಯ್ದು ಕಡಿದಾದ ಮಣ್ಣುದಾರಿಯಲ್ಲಿ ಕೆಳಕ್ಕೆ ಬಿಡುವ ಪಂದ್ಯ ಕಟ್ಟಿದರು. ಅವುಗಳ ಬ್ರೇಕು ಹಿಂದಿನ ಚಕ್ರದ ಗುಂಬದೊಳಗೆ; ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದು. ಒಂದು ಇಳಿತಕ್ಕೆಲ್ಲ ಗುಂಬ ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರೀಪ್ಯಾಕ್’ ಎನ್ನುತ್ತಾರೆ. ಆ ಪಂದ್ಯಕ್ಕೂ ಆ ದಾರಿಗೂ ಅದೇ ಹೆಸರಾಯಿತು. ಗೆದ್ದವನ ಹೆಸರಲ್ಲ, ಗುಡ್ಡದ ಹೆಸರಲ್ಲ, ಒಳಗಿನ ಗ್ರೀಸಿನ ಹೆಸರು! ಇದನ್ನು ತಿಳಿದಾಗ ನನಗೆ ಅಜ್ಜನ ಎತ್ತಿನ ಗಾಡಿಯ ನೆನಪಾಯಿತು. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಕೀಲೆಣ್ಣೆಯ ಬಿದಿರುಕೊಳವೆ ಗಾಡಿಯ ಕೆಳಗೆ ಸದಾ ತೂಗುತ್ತಿತ್ತು. ಸಂತೆಗೆ ಹೊರಡುವ ಮುನ್ನ ಅಜ್ಜ ಎತ್ತುಗಳಿಗೆ ನೀರು ಕುಡಿಸಿ, ಅಚ್ಚಿಗೆ ಕೀಲೆಣ್ಣೆ ಬಳಿದು, ಆಮೇಲೆ ತಾನು ಉಣ್ಣುತ್ತಿದ್ದ.

ಹುಡುಗನಿಗೆ ಒಪ್ಪಿಸುವ ಮೊದಲು ಸೈಕಲ್ಲನ್ನು ತೊಳೆಯೋಣವೆಂದು ಹಿಂದಿನ ಚಕ್ರವನ್ನು ಹಿಡಿದೆ. ಎಡಬಲಕ್ಕೆ ಅಲುಗಿಸಿದರೆ ಎಲ್ಲೋ ಒಳಗೆ ‘ಟಕ್’ ಎಂದಿತು. ಚಕ್ರದ ಅಚ್ಚು ಬಿಗಿಯಾಗಿಯೇ ಇತ್ತು. ಮಗನಿಗೆ ಫೋನು ಮಾಡಿದೆ. “ಶಾಕ್ ಬಿಚ್ಚಿ, ಹಿಂದಿನ ತ್ರಿಕೋನವನ್ನು ಕೈಯಿಂದ ಎತ್ತಿ ಬಿಟ್ಟುನೋಡಿ ಅಪ್ಪ. ತಾನೇ ನುಣ್ಣಗೆ ಕೆಳಗೆ ಬರಬೇಕು” ಎಂದ. ಬಿಚ್ಚಿದೆ, ಎತ್ತಿದೆ, ಬಿಟ್ಟೆ. ಅದು ಅರ್ಧದಲ್ಲಿ ನಿಂತುಬಿಟ್ಟಿತು. ಮರೆತ ಶ್ಲೋಕದ ನಡುವೆ ನಿಂತ ಹುಡುಗನಂತೆ. ಬೆರಳಿಟ್ಟು ಒತ್ತಿದರೆ ಮರಳು ಅರೆದಂತೆ ಸದ್ದು. ಬೇರಿಂಗುಗಳು ಸವೆದಿದ್ದವು. ನಮ್ಮ ಬೀದಿಯ ಸೈಕಲ್ ಷಾಪಿನವರು ನೋಡಿ, “ಇಂಥದ್ದು ನಾನು ಮುಟ್ಟಲ್ಲ ಮೇಷ್ಟ್ರೇ” ಎಂದು ಪ್ರಾಮಾಣಿಕವಾಗಿ ಕೈಮುಗಿದರು. ಹೀಗೆ ಕೆಲಸ ನನ್ನ ಪಾಲಿಗೆ ಬಂತು. ಮಗ ಫೋನಿನಲ್ಲಿ ಹೇಳುತ್ತ ಹೋದ. ನಾನು ನೋಟ್ಸ್ ಬರೆದುಕೊಂಡೆ.

ಬೇರಿಂಗು ಸವೆಯುವುದು ಹೆಚ್ಚು ತಿರುಗುವುದರಿಂದ ಎಂದು ನಾನು ತಿಳಿದಿದ್ದೆ. ಇಲ್ಲಿ ನಡೆದದ್ದು ತದ್ವಿರುದ್ಧ. ಚಕ್ರದ ಬೇರಿಂಗು ಪೂರ್ತಿ ಸುತ್ತು ತಿರುಗುತ್ತದೆ. ಗುಂಡುಗಳು ದಾರಿಯುದ್ದಕ್ಕೂ ಉರುಳಿ ಗ್ರೀಸನ್ನು ಎಲ್ಲ ಕಡೆಗೂ ಹರಡುತ್ತವೆ. ಕೀಲಿನ ಬೇರಿಂಗಿಗೆ ಆ ಭಾಗ್ಯವಿಲ್ಲ. ಅದು ಕೆಲವೇ ಡಿಗ್ರಿ ಆಚೆ, ಕೆಲವೇ ಡಿಗ್ರಿ ಈಚೆ ತೂಗುತ್ತದೆ. ಪ್ರತಿಯೊಂದು ಗುಂಡೂ ನಿಂತಲ್ಲೇ ಹೊರಳಾಡುತ್ತ, ಅಡಿಯ ಗ್ರೀಸನ್ನು ಪಕ್ಕಕ್ಕೆ ತಳ್ಳಿ, ಉಕ್ಕಿನ ಮೇಲೆ ಉಕ್ಕನ್ನೇ ಉಜ್ಜಿ ಒಂದು ಗುಳಿ ತೋಡಿಕೊಳ್ಳುತ್ತದೆ. ಇದನ್ನು ಕೇಳಿ ನಾನು ಕೊಂಚ ಹೊತ್ತು ಸುಮ್ಮನಾದೆ. ಇಪ್ಪತ್ತು ವರ್ಷಗಳಿಂದ ಅದೇ ಪಠ್ಯ, ಅದೇ ಹಾಸ್ಯ, ಅದೇ ಜಾಗದಲ್ಲಿ ಅದೇ ನಗುವಿಗಾಗಿ ಕಾಯುವುದು; ನಾನೂ ಕೆಲವೇ ಡಿಗ್ರಿ ಆಚೆ ಈಚೆ ತೂಗಿದವನೇ. ನನ್ನಲ್ಲಿ ಗುಳಿ ಎಲ್ಲೆಲ್ಲಿ ಬಿದ್ದಿದೆಯೋ!

ಸಾಮಗ್ರಿ ದುಬಾರಿಯದಲ್ಲ. ಪಂಪುಸೆಟ್ಟಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಬೇರಿಂಗುಗಳು ಸಿಕ್ಕವು. ಅವುಗಳಿಗೆ ಊರೂರಿಗೆ ಬೇರೆ ಹೆಸರಿಲ್ಲ. ಜಗತ್ತಿಗೆಲ್ಲ ಒಂದೇ ಸಂಖ್ಯೆ. ೬೯೦೨ ಎಂದರೆ ಒಳವ್ಯಾಸ ೧೫ ಮಿಲಿಮೀಟರು, ಹೊರವ್ಯಾಸ ೨೮, ದಪ್ಪ ೭. ನಮಗೆ ಬೇಕಾದದ್ದು ಇವು ನಾಲ್ಕು, ಇದರ ಚಿಕ್ಕ ತಮ್ಮ ೬೯೦೦ ನಾಲ್ಕು. ಬೇರಿಂಗನ್ನು ಹೊರಡಿಸಲು ಮರೆಯಿರುವ ಉದ್ದನೆಯ ಬೋಲ್ಟು, ಎರಡು ನಟ್ಟು, ಒಂದು ಹಿಡಿ ವಾಷರು, ಬಗೆಬಗೆಯ ಅಳತೆಯ ಸಾಕೆಟ್ಟುಗಳು ಸಾಕು. ಒಂದು ಬದಿಗೆ ಬೇರಿಂಗಿಗಿಂತ ಚಿಕ್ಕ ಸಾಕೆಟ್ಟು, ಇನ್ನೊಂದು ಬದಿಗೆ ಬೇರಿಂಗು ಬಂದು ಬೀಳುವಷ್ಟು ದೊಡ್ಡದು. ನಡುವೆ ಬೋಲ್ಟು ತೂರಿಸಿ ನಟ್ಟು ತಿರುಗಿಸುತ್ತ ಹೋದರೆ ಹಳೆಯ ಬೇರಿಂಗು ಗೊಣಗುತ್ತ ಹೊರಬರುತ್ತದೆ. ಗೂಡನ್ನು ಒರೆಸಿ ತೆಳ್ಳಗೆ ಗ್ರೀಸು ಸವರಬೇಕು. ಹೊಸದನ್ನು ಮೊದಲು ಫ್ರೀಜರಿನಲ್ಲಿಟ್ಟರೆ ಎಳ್ಳಷ್ಟು ಕುಗ್ಗಿ ಸಲೀಸಾಗಿ ಕೂರುತ್ತದೆಂದು ಮಗ ಹೇಳಿದ. ಐಸು ತೆಗೆಯಲು ಹೋದ ನನ್ನಾಕೆ, “ರೀ, ಇದೇನು ನೈವೇದ್ಯ?” ಎಂದು ಕೇಳಿದಳು.

ಕೂರಿಸುವಾಗ ಒಂದೇ ನಿಯಮ; ಮಗ ಅದನ್ನು ಮೂರು ಸಲ ಹೇಳಿದ. ಬೇರಿಂಗಿಗೆ ಎರಡು ಉಂಗುರ, ಹೊರಗಿನದು, ಒಳಗಿನದು. ನಡುವೆ ಗುಂಡುಗಳು. ಗೂಡಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಹೊರಗಿನ ಉಂಗುರ. ಆದ್ದರಿಂದ ಒತ್ತಡ ಅದರ ಮೇಲೆಯೇ ಬೀಳಬೇಕು. ಒಳಗಿನದನ್ನು ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾಯ್ದು, ಅವು ಉರುಳುವ ದಾರಿಯಲ್ಲೇ ಗುಳಿ ಒತ್ತುತ್ತವೆ. ಬೇರಿಂಗು ಕೂರುತ್ತದೆ, ಹೊಳೆಯುತ್ತದೆ, ಆದರೆ ಕೂತ ಗಳಿಗೆಯಲ್ಲೇ ಅದರ ಆಯುಸ್ಸು ಕುಂದಿರುತ್ತದೆ.

ಆರು ಬೇರಿಂಗುಗಳು ಸರಿಯಾಗಿ ಕೂತವು. ಏಳನೆಯದು ಓರೆಯಾಯಿತು. ಬಿಚ್ಚಿ ಮೊದಲಿನಿಂದ ಹಿಡಿಯಬೇಕಾಗಿತ್ತು. ಸಂಜೆಯಾಗಿತ್ತು, ಸೊಳ್ಳೆ ಕಚ್ಚುತ್ತಿತ್ತು, ಆರು ಗೆದ್ದವನಿಗೆ ಬರುವ ಅಹಂಕಾರವೂ ಬಂದಿತ್ತು. ಕೈಗೆ ಸಿಕ್ಕ ಸಾಕೆಟ್ಟನ್ನಿಟ್ಟು ಸುತ್ತಿಗೆಯಿಂದ ನಾಲ್ಕು ಬಾರಿಸಿದೆ. ಕೂತಿತು. ಆಮೇಲೆ ನೋಡಿದರೆ ನಾನಿಟ್ಟ ಸಾಕೆಟ್ಟು ಒಳಗಿನ ಉಂಗುರದ ಅಳತೆಯದು. ಬೆರಳು ತೂರಿಸಿ ತಿರುಗಿಸಿದೆ. ಉಳಿದವು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿದ್ದವು. ಇದರಲ್ಲಿ ಸುತ್ತಿಗೊಮ್ಮೆ ಸಣ್ಣ ಕೊಕ್ಕೆ. ಕಿವಿಗೆ ಕೇಳದು, ಕಣ್ಣಿಗೆ ಕಾಣದು. ಬೆರಳಿನ ತುದಿಗೆ ಮಾತ್ರ ಗೊತ್ತು. ಸ್ವೀಡನ್ನಿನ ಬ್ರಿನೆಲ್ ಎಂಬ ಎಂಜಿನಿಯರು ೧೯೦೦ರಲ್ಲಿ, ಗಟ್ಟಿ ಗುಂಡೊಂದನ್ನು ಲೋಹಕ್ಕೆ ಒತ್ತಿ ಬಿದ್ದ ಗುಳಿಯಿಂದ ಲೋಹದ ಗಡಸುತನವನ್ನಳೆಯುವ ಕ್ರಮವನ್ನು ಲೋಕಕ್ಕೆ ತಿಳಿಸಿದನಂತೆ. ಬೇರಿಂಗಿನೊಳಗೆ ಹೀಗೆ ಏಟಿನಿಂದ ಬೀಳುವ ಗುಳಿಗೂ ಅವನದೇ ಹೆಸರು. ತೂಗಿ ತೂಗಿ ಸವೆದು ಬೀಳುವ ಗುಳಿಗೆ ‘ಸುಳ್ಳು ಬ್ರಿನೆಲ್’ ಎನ್ನುತ್ತಾರೆ. ಹಳೆಯ ಬೇರಿಂಗುಗಳದು ಸುಳ್ಳು ಗುಳಿ. ನಾನು ಮಾಡಿದ್ದು ನಿಜವಾದದ್ದು.

ಎಂಟನೆಯದನ್ನು ಕ್ರಮವಾಗಿ ಕೂರಿಸಿ, ಬೋಲ್ಟುಗಳನ್ನು ಹಾಕಿ, ಚೌಕಟ್ಟಿನ ಮೇಲೆ ಬರೆದಿದ್ದ ಅಳತೆಗೆ ಬಿಗಿದು, ಶಾಕ್ ಸೇರಿಸಿ ಎಲ್ಲವನ್ನೂ ಮುಚ್ಚಿಬಿಟ್ಟೆ. ಸದ್ದಿಲ್ಲ. ಅಲುಗಾಟವಿಲ್ಲ. ಸೈಕಲ್ಲು ಮದುಮಗನಂತೆ ನಿಂತಿತ್ತು.

ರಾತ್ರಿ ಹಾಸಿಗೆಯ ಮೇಲೆ ವಾದ ಶುರುವಾಯಿತು. ವಾದಿಯೂ ನಾನೇ, ಪ್ರತಿವಾದಿಯೂ ನಾನೇ. ಎಂಟರಲ್ಲಿ ಏಳು ಸರಿಯಾಗಿವೆಯಲ್ಲ, ಶೇಕಡಾ ೮೭.೫. ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಡಿಸ್ಟಿಂಕ್ಷನ್ ಕೊಡುತ್ತಾರೆ. ಮೊದಲಿದ್ದ ಸ್ಥಿತಿಗಿಂತ ನೂರು ಪಾಲು ಮೇಲು. ಈ ಒಂದು ಬೇರಿಂಗಿನಿಂದ ಹುಡುಗ ಬಿದ್ದು ಕೈಕಾಲು ಮುರಿದುಕೊಳ್ಳುವುದಿಲ್ಲ. ಬಹಳವಾದರೆ ಕೆಲವು ತಿಂಗಳಲ್ಲಿ ಮತ್ತೆ ‘ಟಕ್’ ಎಂದೀತು, ಅವನು ತನ್ನ ಸವಾರಿಯಿಂದಲೇ ಸವೆಯಿತೆಂದು ತಿಳಿದಾನು. ಅಪಾಯವಿದ್ದಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು. ಅಪಾಯವಿಲ್ಲದಿರುವುದೇ ನನ್ನ ಕಷ್ಟವಾಯಿತು. ಪರಿಣಾಮವನ್ನು ತೂಗಿದರೆ ತಕ್ಕಡಿ ಅಲುಗುವುದೇ ಇಲ್ಲ; ಆದರೂ ನಿದ್ದೆ ಬಾರದು.

ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಉಂಗುರದ ಕಥೆ ಬರುತ್ತದೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಸಿಕ್ಕ ಉಂಗುರವದು. ಅದರ ಹರಳನ್ನು ಅಂಗೈ ಕಡೆಗೆ ತಿರುಗಿಸಿದರೆ ತೊಟ್ಟವನು ಯಾರಿಗೂ ಕಾಣನು. ಅವನು ಅದರ ಬಲದಿಂದ ರಾಜನನ್ನು ಕೊಂದು ರಾಜ್ಯವನ್ನೇ ಕಟ್ಟಿಕೊಂಡ. ಇಂಥ ಉಂಗುರ ಸಿಕ್ಕಮೇಲೆ ಯಾವನು ತಾನೆ ನ್ಯಾಯವಂತನಾಗಿ ಉಳಿದಾನು ಎಂಬುದು ಅಲ್ಲಿ ಕೇಳಿದ ಪ್ರಶ್ನೆ. ಓದಿದಾಗ ಅದು ದೂರದ ಕಥೆಯೆಂದುಕೊಂಡಿದ್ದೆ. ೨೮ ಮಿಲಿಮೀಟರಿನ ಉಂಗುರವನ್ನು ನಾನೇ ಕೈಯಾರೆ ಬಾರಿಸಿ ಕೂರಿಸಿದ ಮೇಲೆ ಅಷ್ಟು ದೂರದ್ದಾಗಿ ಉಳಿಯಲಿಲ್ಲ. ಆ ಕುರುಬ ತಾನೇ ಅದೃಶ್ಯನಾಗಬೇಕಾಯಿತು. ನಾನು ಎಲ್ಲರಿಗೂ ಕಾಣುತ್ತ ನಿಂತಿದ್ದೇನೆ. ಅದೃಶ್ಯವಾಗಿರುವುದು ನನ್ನ ಕೆಲಸ. ಯೋಚಿಸಿದರೆ ಈ ಉಂಗುರ ಈಗ ಎಲ್ಲರ ಬೆರಳಲ್ಲೂ ಇದೆ. ಗೋಡೆಯ ಗಾರೆಯೊಳಗಿನ ಕಬ್ಬಿಣ, ಗುಳಿಗೆಯೊಳಗಿನ ಔಷಧ, ನೆಲದಡಿಯ ನೀರಿನ ಕೊಳವೆ, ಇವನ್ನೆಲ್ಲ ನಾವು ಬಿಚ್ಚಿ ನೋಡಿ ನಂಬುವುದಿಲ್ಲ, ನೋಡಲಾರೆವಾದ್ದರಿಂದಲೇ ನಂಬುತ್ತೇವೆ. ನಮ್ಮ ಬದುಕು ಕೂತಿರುವುದು ಯಾರೋ ಮುಚ್ಚಿಹೋದ ಕೀಲುಗಳ ಮೇಲೆ.

ಇನ್ನೊಂದು ವಿಷಯವೂ ಹೊಳೆಯಿತು. ಹುಡುಗನಿಗೆ ನಾನು “ಸರಿಯಾಗಿದೆ” ಎಂದಾಗ ಸೈಕಲ್ಲು ಸರಿಯಿರಲಿಲ್ಲ. ಆದರೆ ನಾನು ಸುಳ್ಳು ಹೇಳಿರಲಿಲ್ಲ, ನನಗೆ ತಿಳಿದಿರಲಿಲ್ಲ. ಈಗ ಸೈಕಲ್ಲು ಅಂದಿಗಿಂತ ಎಷ್ಟೋ ಮೇಲಾಗಿದೆ. ಆದರೆ ಈಗ ಅದೇ ಮಾತನ್ನು, ಒಂದಕ್ಷರ ಬದಲಿಸದೆ, ಹೇಳಿದರೆ ಅದು ಸುಳ್ಳು. ವಸ್ತು ಸುಧಾರಿಸಿತು, ಮಾತು ಕೆಟ್ಟಿತು. ನಡುವೆ ಬದಲಾದದ್ದು ನನ್ನ ಬೆರಳಿನ ತುದಿಗೆ ತಿಳಿದ ಒಂದು ಕೊಕ್ಕೆ ಮಾತ್ರ. ತಿಳಿವಳಿಕೆ ಬಂದಾಗ ಅದರೊಡನೆ ಸಾಲವೂ ಬರುತ್ತದೆ. ತಿಳಿದವನು ತಿಳಿಯದವನಿಗೆ ಋಣಿ. ಅವನು ಕೇಳಲಿ, ಕೇಳದಿರಲಿ.

ಹಾಗಾದರೆ ಹುಡುಗನಿಗೆ ಹೇಳಿಬಿಟ್ಟರಾಯಿತು, ನೂರೋ ಇನ್ನೂರೋ ಇಳಿಸಿದರಾಯಿತು ಎಂದು ಪ್ರತಿವಾದಿ ಎದ್ದ. ವ್ಯಾಪಾರದ ಧರ್ಮಕ್ಕೆ ಅಷ್ಟು ಸಾಕು. ಇಬ್ಬರು ಸಮಾನರ ನಡುವೆ ನಾನೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಈ ಹುಡುಗ ಏನೆಂದಾನೆಂಬುದು ನನಗೆ ಮೊದಲೇ ಗೊತ್ತು. “ಪರವಾಗಿಲ್ಲ ಸಾರ್” ಎಂದಾನು. ಎಂಟೂ ಕೆಟ್ಟಿವೆ ಎಂದರೂ ಅದನ್ನೇ ಎಂದಾನು. ಅವನು ನನ್ನ ವಿದ್ಯಾರ್ಥಿ. ನನ್ನೆದುರು ಕುರ್ಚಿಯಲ್ಲಿ ಕೂರಲು ಹಿಂಜರಿಯುವವನು. ಅವನ ಗೌರವ ಅವನ ಬಾಯಿ ಕಟ್ಟಿರುತ್ತದೆ. ಬೇಡವೆನ್ನಲಾರದವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯುವುದು, ಹೇಳದೆ ಮುಚ್ಚಿಡುವುದಕ್ಕಿಂತ ಬಹಳ ದೂರವಿಲ್ಲ. ಹೇಳುವುದು ಬೇಕು, ಆದರೆ ಸರಿಪಡಿಸಿ ಹೇಳಬೇಕು. ಇಷ್ಟಕ್ಕೆ ಬರುವ ಹೊತ್ತಿಗೆ ಹಾಲಿನವನ ಗಂಟೆ ಕೇಳಿಸಿತು.

ಮರುವಾರ ಅದೇ ಅಂಗಡಿಗೆ ಹೋಗಿ ಒಂದೇ ಒಂದು ೬೯೦೨ ಕೇಳಿದೆ. “ಹೋದ ವಾರ ತಗೊಂಡ್ರಲ್ಲ ಸಾರ್, ಕಮ್ಮಿ ಬಂತಾ?” ಎಂದರು. “ಇಲ್ಲ, ಕೆಡಿಸಿದೆ” ಎಂದೆ. ಅವರು ನಕ್ಕರು. ಮತ್ತೆ ಭಾನುವಾರ ಹಿತ್ತಿಲು, ಮತ್ತೆ ಶಾಕ್ ಬಿಚ್ಚುವುದು, ಬೋಲ್ಟು, ಸಾಕೆಟ್ಟು. ಬಾರಿಸಲು ಐದು ನಿಮಿಷ ಹಿಡಿದಿದ್ದ ತಪ್ಪನ್ನು ತೆಗೆಯಲು ಎರಡೂವರೆ ಗಂಟೆ ಹಿಡಿಯಿತು. ಈ ಸಲ ೨೭ ಮಿಲಿಮೀಟರಿನ ವಾಷರುಗಳನ್ನು ಹೊರಗಿನ ಉಂಗುರಕ್ಕೆ ಸರಿಯಾಗಿ ಹೊಂದಿಸಿ, ಕಾಲು ಸುತ್ತಿಗೊಮ್ಮೆ ನಿಲ್ಲಿಸಿ, ಓರೆಯೇನಾದರೂ ಉಂಟೇ ಎಂದು ನೋಡುತ್ತ ಒತ್ತಿದೆ. ಶಾಕ್ ಹಾಕುವ ಮುಂಚೆ ಹಿಂದಿನ ತ್ರಿಕೋನವನ್ನು ಎತ್ತಿ ಬಿಟ್ಟೆ. ಅದು ನಿಲ್ಲದೆ, ತಡವರಿಸದೆ, ನುಣ್ಣಗೆ ಕೆಳಗಿಳಿಯಿತು. ನನ್ನಾಕೆಯನ್ನು ಕರೆದು ಎರಡನೆಯ ಸಲ ಎತ್ತಿ ಬಿಟ್ಟು ತೋರಿಸಿದೆ. “ಚೆನ್ನಾಗಿದೆ, ಸ್ನಾನ ಮಾಡಿ ಬನ್ನಿ” ಎಂದಳು.

ಹುಡುಗ ಬಂದ. ಹಳೆಯ ಎಂಟು ಬೇರಿಂಗುಗಳನ್ನೂ ನಾನು ಕೆಡಿಸಿದ ಹೊಸದೊಂದನ್ನೂ ಸ್ಟೀಲಿನ ತಟ್ಟೆಯಲ್ಲಿಟ್ಟು ಮುಂದಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ನಿರೀಕ್ಷಿಸಿದ ಹಾಗೆಯೇ “ಪರವಾಗಿಲ್ಲ ಸಾರ್, ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ” ಎಂದ. ಆಮೇಲೆ ಒಂದೊಂದನ್ನೇ ಬೆರಳಿಗೆ ಹಾಕಿ ತಿರುಗಿಸಿ ನೋಡಿದ. ನಾನು ಕೆಡಿಸಿದ್ದರಲ್ಲಿ ಬೆರಳು ನಿಂತಿತು. “ಇದೇ ಅಲ್ವಾ ಸಾರ್?” ಎಂದ. ಹೌದೆಂದೆ. “ಇವು ಮತ್ತೆ ಸವೆಯುತ್ವಾ?” “ಸವೆಯುತ್ತವೆ. ಜೋರುನೀರು ಬಿಟ್ಟು ತೊಳೆದರೆ ಬೇಗ, ಒರೆಸಿ ಇಟ್ಟರೆ ತಡವಾಗಿ.” ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ಆ ಬೋಲ್ಟು, ವಾಷರು ನಿಮಗೆ ಬೇಕಾ ಸಾರ್?” ಎಂದು ಕೇಳಿದ. ಅಲ್ಲಿಯವರೆಗೆ ಅವನು ನನ್ನಲ್ಲಿ ತಾನಾಗಿ ಏನನ್ನೂ ಕೇಳಿದವನಲ್ಲ. ಎಲ್ಲವನ್ನೂ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಹೊರಗಿನ ಉಂಗುರದ ನಿಯಮವನ್ನು ಮೂರು ಸಲ ಹೇಳಿದೆ.

ಕೆಟ್ಟ ಬೇರಿಂಗನ್ನು ಮಾತ್ರ ನಾನಿಟ್ಟುಕೊಂಡಿದ್ದೇನೆ. ಈಗ ಅದು ನನ್ನ ಮೇಜಿನ ಮೇಲೆ, ಮೌಲ್ಯಮಾಪನಕ್ಕೆ ಬಂದ ಉತ್ತರಪತ್ರಿಕೆಗಳ ಕಟ್ಟು ಹಾರದಂತೆ ಕೂತಿದೆ. ಹೆಸರಿಲ್ಲದ ಪತ್ರಿಕೆಗಳು, ಬರೆದವರು ಯಾರೋ ನನಗೆ ತಿಳಿಯದು, ತಿದ್ದಿದವನು ಯಾರೋ ಅವರಿಗೆ ತಿಳಿಯದು. ಮೊನ್ನೆ ರಾತ್ರಿ ಹನ್ನೊಂದರ ಮೇಲೆ ಮೂವತ್ತೆಂಟನೆಯದನ್ನು ತಿರುವುತ್ತಿದ್ದೆ. ಅಕ್ಷರ ಕೆಟ್ಟದಾಗಿತ್ತು. ಪುಟಗಳನ್ನು ಅಳತೆಯ ಮೇಲೆ ನೋಡಿ ಹತ್ತಕ್ಕೆ ನಾಲ್ಕು ಎಂದು ಬರೆಯಲು ಪೆನ್ನೆತ್ತಿದ್ದೆ. ಇನ್ನೊಂದು ಕೈ ಸುಮ್ಮನೆ ಬೇರಿಂಗನ್ನು ತಿರುಗಿಸುತ್ತಿತ್ತು. ಸುತ್ತು ಮುಗಿಯುವಲ್ಲಿ ಬೆರಳಿಗೆ ಆ ಕೊಕ್ಕೆ ತಗುಲಿತು. ಪೆನ್ನನ್ನು ಕೆಳಗಿಟ್ಟು ಉತ್ತರವನ್ನು ಮೊದಲಿನಿಂದ ಓದಿದೆ.